ಎಂತ ಮಾಡುವುದು ಅಂತ ಕೇಳಿದರೆ

ಮಂಗಳೂರು, ಉಡುಪಿ ಕಡೆಯ ಮದುವೆ ಹಾಲ್‌ಗಳಲ್ಲಿ ಊಟದ ಪಂಕ್ತಿಗೆ ಕಾಯುವಾಗ ಪಕ್ಕದ ಕುರ್ಚಿಯವರು ಮೊದಲು ಮನೆ ಎಲ್ಲಿ ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆ, "ಈಗ ಎಂತ ಮಾಡುವುದು?" ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಗಲ್ಫಿನಲ್ಲಿ ದುಡಿಯುವವರಿಗೆ ಇದಕ್ಕೆ ಒಂದೇ ಪದದ ಉತ್ತರ ಉಂಟು. ಅಡುಗೆ ವಿಡಿಯೊ ಮಾಡುವವರು, ಯಕ್ಷಗಾನದ ಫೋಟೊ ತೆಗೆದು ಹಾಕುವವರು, ತುಳುವಿನಲ್ಲಿ ಎರಡು ನಿಮಿಷದ ಹಾಸ್ಯ ಮಾಡುವವರು, ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬಿಡಿಸುವವರು ಮಾತ್ರ ಒಂದು ಕ್ಷಣ ತಡೆಯುತ್ತಾರೆ. ಕಲಾವಿದ ಅಂದರೆ ದೊಡ್ಡ ಮಾತಾಯಿತು. ಯೂಟ್ಯೂಬರ್ ಅಂದರೆ ಹಗುರವಾಯಿತು. ಇನ್‌ಫ್ಲುಯೆನ್ಸರ್ ಅಂದರೆ ಎದುರಿನವರ ಮುಖದಲ್ಲಿ ಸಣ್ಣ ನಗೆ. ಕೊನೆಗೆ "ಹೀಗೆ, ಸ್ವಲ್ಪ ಕಂಟೆಂಟ್ ಎಲ್ಲ ಮಾಡುವುದು" ಎಂದು ಹೇಳಿ ಮಾತು ಬದಲಿಸುತ್ತಾರೆ.

ಪ್ರೊಫೈಲಿನಲ್ಲಿ ಬಯೋ, ಅಂದರೆ ತಮ್ಮ ಬಗ್ಗೆ ಎರಡು ಸಾಲು, ಬರೆಯಲು ಕೂತಾಗಲೂ ತಡೆಯುವುದು ಇಲ್ಲಿಯೇ. ಇದನ್ನು ಬರೀ ಸಂಕೋಚ ಎಂದು ತಳ್ಳಿಹಾಕುವಂತಿಲ್ಲ. ನಾವು ಇಟ್ಟುಕೊಂಡ ಪದವನ್ನು ನೋಡಿಯೇ ಜನ ಫೋನ್ ಮಾಡುವುದು, ಸಂಭಾವನೆ ಮಾತಾಡುವುದು. ಕೆಲವು ಪದಗಳ ಬೆನ್ನಿಗೆ ಕಾನೂನೂ ಬರುತ್ತದೆ.

ಕನ್ನಡದಲ್ಲಿ ಹೆಸರಿನ ಜೊತೆ ಬರುವ ಪದಗಳು ಮೊದಲಿನಿಂದಲೂ ಮೂರು ಬಗೆ. ಒಂದು ಅಂಕಿತ ಅಥವಾ ಕಾವ್ಯನಾಮ, ಬರೆಯುವವರೇ ಇಟ್ಟುಕೊಳ್ಳುವಂಥದ್ದು. ಪಂಜೆ ಮಂಗೇಶರಾಯರು (1874–1937) ತಮ್ಮನ್ನು ‘ಕವಿಶಿಷ್ಯ’ ಎಂದು ಕರೆದುಕೊಂಡರು, ಕವಿ ಎಂದಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ (1870–1901) ಮನೆಯವರು ಕರೆಯುತ್ತಿದ್ದ ‘ಮುದ್ದಣ’ ಎಂಬ ಹೆಸರನ್ನೇ ಕಾವ್ಯಕ್ಕೆ ತಂದರು. ಅಷ್ಟಕ್ಕೂ ನಿಲ್ಲದೆ, ತಾನು ಬರೆದದ್ದನ್ನು ಯಾರೋ ಹಳೆಯ ಕವಿಯ ಕೃತಿ ಎಂದು ಮೈಸೂರಿಗೆ ಕಳಿಸಿದರು. ಎರಡನೆಯದು ಬಿರುದು, ಅದನ್ನು ಕೊಡಬೇಕಾದವರು ಬೇರೆಯವರು. ಗೋವಿಂದ ಪೈಗಳಿಗೆ ‘ರಾಷ್ಟ್ರಕವಿ’ ಎಂಬ ಮನ್ನಣೆ ಬಂದದ್ದು 1949ರಲ್ಲಿ, ಮದರಾಸು ಸರಕಾರದಿಂದ. ಕಾರಂತರನ್ನು ‘ಕಡಲತೀರದ ಭಾರ್ಗವ’ ಎಂದದ್ದು ನಾಡು. ಮೂರನೆಯದು ಕಸುಬಿನ ಹೆಸರು: ಭಾಗವತ, ಕಮ್ಮಾರ, ಪ್ರಸಂಗಕರ್ತ, ವ್ಯಂಗ್ಯಚಿತ್ರಕಾರ. ಅದು ಮಾಡುವ ಕೆಲಸವನ್ನು ಹೇಳುತ್ತದೆ, ಗುಣವನ್ನು ಅಳೆಯಲು ಹೋಗುವುದಿಲ್ಲ.

ಈಗಿನ ಬಯೋಗಳಲ್ಲಿ ಎಡವಟ್ಟಾಗುವುದು ಈ ಮೂರೂ ಕಲಸಿಹೋದಾಗ. ‘ಕಲಾವಿದ’ ಎಂಬುದು ನಮ್ಮ ಕಿವಿಗೆ ಅರ್ಧ ಕಸುಬು, ಅರ್ಧ ಬಿರುದು. ಹಾಗಾಗಿಯೇ ಅದನ್ನು ತನಗೆ ತಾನೇ ಹಚ್ಚಿಕೊಳ್ಳಲು ನಾಚಿಕೆ. ‘ವಿಷನರಿ’, ‘ಸ್ಟೋರಿಟೆಲ್ಲರ್’, ‘ಯುವ ಪ್ರತಿಭೆ’ ಇವೂ ಬಿರುದುಗಳೇ, ಕೊಟ್ಟವರು ಯಾರೂ ಇಲ್ಲ ಅಷ್ಟೆ. ನನ್ನ ನಿಲುವು ಇಷ್ಟು: ಆನ್‌ಲೈನಿನಲ್ಲಿ ಏನನ್ನಾದರೂ ಮಾಡುವವರು ತಮಗೆ ಕಸುಬಿನ ಹೆಸರನ್ನು ಇಟ್ಟುಕೊಳ್ಳಬೇಕು, ಬಿರುದನ್ನು ಊರಿಗೆ ಬಿಡಬೇಕು.

ಕಸುಬಿನ ಹೆಸರು ಹೇಗಿರಬೇಕು ಎಂಬುದಕ್ಕೆ ನಮ್ಮ ತಾಳಮದ್ದಳೆಯ (ವೇಷವಿಲ್ಲದೆ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ) ಕರಪತ್ರಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ. ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಮೇಲೆ ದೇವಸ್ಥಾನದ ಹೆಸರು, ಅದರಡಿ ದಪ್ಪ ಅಕ್ಷರದಲ್ಲಿ ಪ್ರಸಂಗ, ಅಂದರೆ ಅಂದಿನ ಕಥೆ. ಆಮೇಲೆ ‘ಹಿಮ್ಮೇಳ’ ಎಂದು ಬರೆದು ಪದ್ಯ ಹೇಳುವ ಭಾಗವತರು ಯಾರು, ಮದ್ದಳೆ ಯಾರು, ಚೆಂಡೆ ಯಾರು ಎಂದು ಸಾಲಾಗಿ ಕೊಟ್ಟಿರುತ್ತಾರೆ. ನಂತರ ‘ಮುಮ್ಮೇಳ’: ಕೃಷ್ಣನ ಅರ್ಥ, ಅಂದರೆ ಮಾತು, ಯಾರದ್ದು, ಕೌರವನ ಅರ್ಥ ಯಾರದ್ದು. ಅದೇ ವ್ಯಕ್ತಿ ಮರುವಾರ ಬಣ್ಣ ಹಚ್ಚಿ ರಂಗಕ್ಕೆ ಬಂದರೆ ವೇಷಧಾರಿ, ಕೂತು ಮಾತಾಡಿದರೆ ಅರ್ಥಧಾರಿ, ಪದ್ಯ ಬರೆದುಕೊಟ್ಟರೆ ಪ್ರಸಂಗಕರ್ತ. ‘ನೀವು ನಿಜವಾಗಿ ಯಾರು’ ಎಂದು ಅವರನ್ನು ಯಾರೂ ಕೇಳುವುದಿಲ್ಲ. ವೇಷದೊಳಗೂ ವಿಂಗಡಣೆ ಉಂಟು: ಪುಂಡುವೇಷ, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ. ಇದು ಸಂಘಟಕರ ಅನುಕೂಲಕ್ಕೆ ಹುಟ್ಟಿದ ಭಾಷೆ. ಯಾವ ಕೆಲಸಕ್ಕೆ ಯಾರಿಗೆ ಹೇಳಿಕಳಿಸಬೇಕು ಎಂದು ಅದನ್ನು ನೋಡಿದರೆ ಗೊತ್ತಾಗುತ್ತದೆ.

‘ಕಂಟೆಂಟ್ ಕ್ರಿಯೇಟರ್’ ಎಂಬ ಪದ ಸೋಲುವುದು ಇದೇ ಪರೀಕ್ಷೆಯಲ್ಲಿ. ಅದು ಆನ್‌ಲೈನ್ ವೇದಿಕೆಗಳ ಅನುಕೂಲಕ್ಕೆ ಬಂದ ಪದ. ಯೂಟ್ಯೂಬ್ ಶುರುವಾದದ್ದು 2005ರಲ್ಲಿ; 2007ರಲ್ಲಿ ಜಾಹೀರಾತಿನ ಹಣ ಹಂಚಿಕೊಳ್ಳಲು ತೊಡಗಿದಾಗ ಪಾಲು ಪಡೆಯುವವರನ್ನು ಅದು ‘ಪಾರ್ಟ್ನರ್’ ಎಂದು ಕರೆಯಿತು. ‘ಕ್ರಿಯೇಟರ್’ ರೂಢಿಗೆ ಬಂದದ್ದು ಆಮೇಲೆ. ಹಾಡುವವರು, ಅಡುಗೆ ಮಾಡುವವರು, ಗಣಿತ ಕಲಿಸುವವರು, ಬೈಕು ಓಡಿಸುವವರು ಎಲ್ಲರಿಗೂ ಒಂದೇ ನಿಯಮಾವಳಿ ಬರೆಯುವ ಕಂಪನಿಗೆ ಅಂಥದ್ದೊಂದು ಚೀಲದ ಪದ ಬೇಕೇ ಬೇಕು. ನಮಗೆ ಬೇಕಾದದ್ದು ಚೀಲದ ಒಳಗೆ ಏನಿದೆ ಎಂದು ಹೇಳುವ ಪದ. ಮೂಡುಬಿದಿರೆಯಲ್ಲೊಂದು ಶಾಲಾ ವಾರ್ಷಿಕೋತ್ಸವ ನಡೆಸುವವರು ‘ಡಿಜಿಟಲ್ ಕ್ರಿಯೇಟರ್’ ಎಂಬ ಪ್ರೊಫೈಲ್ ನೋಡಿ ನಿರೂಪಣೆಗೆ ಕರೆಯಬೇಕೋ, ವಿಡಿಯೊಗೋ, ಪೋಸ್ಟರ್ ಮಾಡಿಸಲಿಕ್ಕೋ?

ಅಂದ ಹಾಗೆ, ಫೇಸ್‌ಬುಕ್‌ನಲ್ಲಿ ಎಷ್ಟೋ ಮಂದಿ ಹಿರಿಯರ ಹೆಸರಿನಡಿ ‘ಡಿಜಿಟಲ್ ಕ್ರಿಯೇಟರ್’ ಎಂದು ಕಾಣಿಸುವುದು ಅವರು ಹಾಕಿಕೊಂಡದ್ದಲ್ಲ. ‘ಪ್ರೊಫೆಷನಲ್ ಮೋಡ್’ ಎಂಬುದನ್ನು ಒತ್ತಿದ ಕೂಡಲೇ ಅದು ತಾನಾಗಿ ಬಂದು ಕೂರುತ್ತದೆ. ಪ್ರೊಫೈಲ್ ತಿದ್ದುವಲ್ಲಿ ಹೋಗಿ ವರ್ಗವನ್ನು ಬದಲಿಸಬಹುದು. ಇನ್‌ಸ್ಟಾಗ್ರಾಮ್‌ನಲ್ಲೂ ಹಾಗೆಯೇ, ಪ್ರೊಫೆಷನಲ್ ಖಾತೆಗೆ ವರ್ಗ ಆರಿಸಲೇಬೇಕು, ಆದರೆ ಅದನ್ನು ಪ್ರೊಫೈಲಿನಲ್ಲಿ ತೋರಿಸದೆ ಇಡುವ ಗುಂಡಿ ಅಲ್ಲೇ ಉಂಟು. ಅಲ್ಲಿ ‘ಕ್ರಿಯೇಟರ್’, ‘ಬಿಸಿನೆಸ್’ ಎಂಬ ಎರಡು ಬಗೆಯ ಖಾತೆಗಳ ನಡುವೆ ಆರಿಸುವಾಗ ಸ್ವಲ್ಪ ಜಾಗ್ರತೆ ಬೇಕು. ಗೌರವ ಹೆಚ್ಚಾಗಿ ಕಾಣುತ್ತದೆಂದು ‘ಬಿಸಿನೆಸ್’ ಒತ್ತಿದವರಿಗೆ ರೀಲ್ಸಿಗೆ ಹಾಡು ಹುಡುಕುವಾಗ ಸಿನಿಮಾ ಹಾಡುಗಳೇ ಸಿಗುವುದಿಲ್ಲ. ವ್ಯಾಪಾರದ ಖಾತೆಗಳಿಗೆ ವಾಣಿಜ್ಯ ಬಳಕೆಗೆ ಅನುಮತಿ ಇರುವ ಸಂಗೀತವನ್ನಷ್ಟೇ ಕೊಡುವುದು ಇದಕ್ಕೆ ಕಾರಣ. ಫೋನು ಹಾಳಾಯಿತೆಂದು ತಿಳಿದು ಆ್ಯಪ್ ಅಳಿಸಿ ಮತ್ತೆ ಹಾಕಿದರೂ ಅದು ಸರಿಯಾಗದು, ಖಾತೆಯ ಬಗೆ ಬದಲಿಸಬೇಕು.

ಇನ್ನು ಭಾಷೆಯ ತೊಡಕು. ಕನ್ನಡದಲ್ಲಿ ತನ್ನನ್ನು ತಾನು ಕರೆದುಕೊಳ್ಳುವಾಗ ಎರಡು ಕಡೆ ಕಾಲು ಸಿಕ್ಕಿಕೊಳ್ಳುತ್ತದೆ. ಬೇರೆಯವರ ಬಗ್ಗೆ ಹೇಳುವಾಗ ‘ಕಲಾವಿದರು’, ‘ಬರಹಗಾರರು’ ಎನ್ನುತ್ತೇವೆ. ತನ್ನ ಬಗ್ಗೆ ಹಾಗೆ ಬರೆದರೆ ತನಗೆ ತಾನೇ ಬಹುವಚನ ಕೊಟ್ಟುಕೊಂಡಂತೆ. ‘ಕಲಾವಿದ’, ‘ಬರಹಗಾರ’ ಎಂದು ಏಕವಚನಕ್ಕೆ ಇಳಿದರೆ ಗಂಡಸು ಎಂದಾಯಿತು. ಹೆಂಗಸರು ಕಲಾವಿದೆ, ಲೇಖಕಿ, ಗಾಯಕಿ ಎಂದು ಬರೆಯಬಹುದು, ತಪ್ಪೇನಿಲ್ಲ. ಆದರೆ ‘ಛಾಯಾಗ್ರಾಹಕಿ’ ಎಂದು ಬರೆದವರನ್ನು ಜನ ಹುಡುಕುವುದು ‘ಫೋಟೋಗ್ರಾಫರ್’ ಎಂದೇ. ಇಬ್ಬರು ಮೂವರು ಸೇರಿ ನಡೆಸುವ ಪುಟವಾದರೆ ಗೊಂದಲ ಇನ್ನೂ ಹೆಚ್ಚು.

ದಾರಿ ಸುಲಭದ್ದು, ಕರಪತ್ರದಲ್ಲೇ ಉಂಟು. ಅಲ್ಲಿ ಹಲವು ಸಲ ‘ಮದ್ದಳೆ’ ಎಂದು ಬರೆದು ಮುಂದೆ ಹೆಸರು ಹಾಕುತ್ತಾರೆ, ‘ಮದ್ದಳೆ ವಾದಕರು’ ಎಂದು ಬೆಳೆಸುವುದಿಲ್ಲ. ಮಾಡುವವರ ಬದಲು ಮಾಡಿದ್ದನ್ನು ಬರೆಯಿರಿ. ‘ಬರಹ, ರೇಖಾಚಿತ್ರ’, ‘ಯಕ್ಷಗಾನದ ಫೋಟೊ’, ‘ತುಳು ಹಾಸ್ಯ’, ‘ಮದುವೆ, ರೋಸ್, ಮೆಹಂದಿ ಕಾರ್ಯಕ್ರಮಗಳ ನಿರೂಪಣೆ’ (ರೋಸ್ ಎಂದರೆ ಇಲ್ಲಿಯ ಕ್ರೈಸ್ತರ ಮದುವೆಯ ಮುಂಚಿನ ಶಾಸ್ತ್ರ). ಲಿಂಗವೂ ಬರುವುದಿಲ್ಲ, ವಚನವೂ ಬರುವುದಿಲ್ಲ, ದೊಡ್ಡಸ್ತಿಕೆಯ ಮಾತೂ ಏಳುವುದಿಲ್ಲ. ಹೀಗೆ ಬರೆದ ಮೇಲೆ ನಾಚಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಫೋಟೊ ಅಲ್ಲೇ ಕೆಳಗೆ ಕಾಣುತ್ತಿರುತ್ತದಲ್ಲ.

ಜಾಗದ ಲೆಕ್ಕವೂ ಇದಕ್ಕೇ ಒದಗುತ್ತದೆ. ಇನ್‌ಸ್ಟಾಗ್ರಾಮ್ ಬಯೋಗೆ 150 ಅಕ್ಷರ ಎನ್ನುತ್ತಾರೆ, ಆದರೆ ಯಂತ್ರ ಎಣಿಸುವ ಅಕ್ಷರ ನಾವು ಕಾಗುಣಿತದಲ್ಲಿ ಕಲಿತ ಅಕ್ಷರವಲ್ಲ. ಗುಣಿತ ಚಿಹ್ನೆಯನ್ನು ಅದು ಬೇರೆಯಾಗಿ ಎಣಿಸುತ್ತದೆ, ಒತ್ತಕ್ಷರದೊಳಗೆ ಅಡಗಿದ ಅರ್ಧಾಕ್ಷರದ ಗುರುತನ್ನೂ ಬೇರೆಯಾಗಿ. ‘ಯಕ್ಷಗಾನ’ ಕಣ್ಣಿಗೆ ನಾಲ್ಕು ಅಕ್ಷರ, ಯಂತ್ರಕ್ಕೆ ಏಳು. ‘ಛಾಯಾಚಿತ್ರಗ್ರಾಹಕ’ ಕಣ್ಣಿಗೆ ಏಳು, ಯಂತ್ರಕ್ಕೆ ಹದಿನೈದು. ಹೀಗಾಗಿ ಕನ್ನಡದಲ್ಲಿ ಆ 150 ಎಂದರೆ ನಿಜವಾಗಿ ಎಂಬತ್ತರ ಆಸುಪಾಸು. ಅದರಲ್ಲಿ ‘ಉದಯೋನ್ಮುಖ’, ‘ಹೆಮ್ಮೆಯ ಕನ್ನಡಿಗ’, ‘ಕನಸುಗಾರ’ ತುಂಬಿದರೆ ಕೆಲಸದ ಮಾತಿಗೆ ಜಾಗ ಉಳಿಯದು. ಅಡುಗೆಯ ಪುಟವೊಂದಕ್ಕೆ ಹೀಗೆ ಬರೆಯಬಹುದು: ‘ತುಳುನಾಡಿನ ಮಳೆಗಾಲದ ಅಡುಗೆ, ತುಳುವಿನಲ್ಲಿ. ವಾರಕ್ಕೆ ಎರಡು ವಿಡಿಯೊ. ಜಾಹೀರಾತು ಇದ್ದರೆ ಮೊದಲೇ ಹೇಳುತ್ತೇನೆ.’ ಯಂತ್ರದ ಲೆಕ್ಕದಲ್ಲೂ ಇದು ನೂರರ ಒಳಗೆ ಮುಗಿಯುತ್ತದೆ. ಪತ್ರೊಡೆ, ಕಣಿಲೆ, ತಜಂಕ್ ಎಂದು ಮೂರು ಹೆಸರು ಸೇರಿಸಲು ಇನ್ನೂ ಜಾಗ ಉಂಟು.

ಬಯೋಗಿಂತ ಮೇಲಿರುವ ‘ಹೆಸರು’ ಎಂಬ ಅಂಕಣವನ್ನು ಹೆಚ್ಚಿನವರು ವ್ಯರ್ಥ ಮಾಡುತ್ತಾರೆ. ಹುಡುಕುವಾಗ ಮೊದಲು ನೋಡುವುದು ಯೂಸರ್‌ನೇಮ್ ಮತ್ತು ಆ ಅಂಕಣವನ್ನೇ. ಅಲ್ಲಿ ಬರೀ ಹೆಸರಿನ ಬದಲು ಹೆಸರು ಮತ್ತು ಕೆಲಸ ಎರಡೂ ಇದ್ದರೆ, ನಿಮ್ಮ ಹೆಸರು ಗೊತ್ತಿಲ್ಲದವರಿಗೂ ಸಿಗುತ್ತೀರಿ. ಯೂಸರ್‌ನೇಮ್ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕಾದ್ದರಿಂದ ಹೆಸರಿನ ಅಂಕಣವನ್ನು ಕನ್ನಡಕ್ಕೆ ಕೊಡುವುದು ಲೇಸು. ಅಲಂಕಾರಕ್ಕೆಂದು ಬೇರೆ ಆ್ಯಪ್‌ನಿಂದ ತಂದ ಬಳ್ಳಿಬಳ್ಳಿ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಬಳಸಬೇಡಿ. ಅವು ಅಕ್ಷರಗಳಂತೆ ಕಂಡರೂ ಯುನಿಕೋಡ್‌ನಲ್ಲಿ ಗಣಿತದ ಚಿಹ್ನೆಗಳು. ಹುಡುಕಾಟಕ್ಕೆ ಸರಿಯಾಗಿ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ ಅದನ್ನು ಬಿಟ್ಟುಬಿಡುತ್ತದೆ ಅಥವಾ ಒಂದೊಂದೇ ಚಿಹ್ನೆಯಾಗಿ ಓದುತ್ತದೆ.

ಊರಿನ ಹೆಸರೂ ಒಂದು ಹಣೆಪಟ್ಟಿಯೇ. ‘ಮಂಗಳೂರು’ ಎಂದರೆ ಎಲ್ಲರಿಗೂ, ‘ಕುಡ್ಲ’ ಎಂದರೆ ತುಳುವರಿಗೆ, ‘ಕೊಡಿಯಾಲ್’ ಎಂದರೆ ಕೊಂಕಣಿಯವರಿಗೆ, ‘ಮೈಕಾಲ’ ಎಂದರೆ ಬ್ಯಾರಿಗಳಿಗೆ. ಯಾರೊಂದಿಗೆ ಮಾತಾಡುತ್ತಿದ್ದೀರಿ ಎಂಬುದನ್ನು ಆ ಒಂದೇ ಪದ ಹೇಳಿಬಿಡುತ್ತದೆ. ಕನ್ನಡದಲ್ಲಿ ವಿಡಿಯೊ ಮಾಡುತ್ತಾ ಪುಟದ ಹೆಸರಿನಲ್ಲಿ ‘ಕುಡ್ಲ’ ಇಟ್ಟರೆ ತುಳು ಕೇಳಲು ಬಂದವರು ನಿರಾಶರಾಗುತ್ತಾರೆ, ಹುಬ್ಬಳ್ಳಿಯವರು ಬರುವುದೇ ಇಲ್ಲ. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು ಅಧಿಕೃತವಾಗಿ ‘ಮಂಗಳೂರು’ ಎಂದೇ ಬದಲಾದರೂ ಹಳೆಯ ‘ಮ್ಯಾಂಗಲೋರ್’ ಎಂದೇ ಹುಡುಕುವವರು ಬೇಕಾದಷ್ಟು ಮಂದಿ ಇದ್ದಾರೆ. ಯೂಸರ್‌ನೇಮ್‌ನಲ್ಲಿ ಒಂದು, ಬಯೋದಲ್ಲಿ ಇನ್ನೊಂದು ಇಟ್ಟರೆ ಎರಡೂ ಕಡೆಯವರು ಸಿಗುತ್ತಾರೆ. ಯಕ್ಷಗಾನದ ಪುಟವಾದರೆ ಅದರ ಎರಡು ಶೈಲಿಗಳಲ್ಲಿ ತೆಂಕೋ ಬಡಗೋ ಹೇಳಿಯೇ ಬಿಡಿ. ಕುಂದಾಪುರದ ಬಡಗುತಿಟ್ಟಿನ ಅಭಿಮಾನಿ ತೆಂಕಿನ ಚೆಂಡೆಗೆಂದು ಬರುವುದಿಲ್ಲ, ಅವನಿಗೆ ಬೇಕಾದ ಕುಣಿತವೇ ಬೇರೆ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ವಿಷಯ ಇನ್ನೊಂದು ಉಂಟು. ಕರಾವಳಿಯ ಆನ್‌ಲೈನ್ ಕೆಲಸದಲ್ಲಿ ದೊಡ್ಡ ಪಾಲು ಬೇರೆಯವರ ಕಲೆಯನ್ನು ಚಿತ್ರೀಕರಿಸುವುದು. ಬಯಲಾಟದಲ್ಲಿ ಬಣ್ಣ ಹಚ್ಚುವ ಚೌಕಿಯ ಹತ್ತಿರ, ರಂಗಸ್ಥಳದ ಎದುರು ಟ್ರೈಪಾಡ್ ಇಟ್ಟು ರಾತ್ರಿಯಿಡೀ ನಿದ್ದೆಗೆಟ್ಟು ಹಿಡಿಯುವ ಕೆಲಸ ಸಣ್ಣದಲ್ಲ. ಚೆಂಡೆಯ ಪೆಟ್ಟಿಗೆ ಧ್ವನಿ ಒಡೆಯದಂತೆ ಮೈಕಿನ ಮಟ್ಟ ಇಳಿಸಿ ಇಡಬೇಕು, ಭಾಗವತರ ಏರುದನಿ ಆಗಲೂ ಕೇಳಬೇಕು. ಆದರೆ ಆ ವಿಡಿಯೊ ಹಾಕುವವರು ತಮ್ಮನ್ನು ‘ಕ್ರಿಯೇಟರ್’ ಎಂದು ಕರೆದುಕೊಂಡ ಕೂಡಲೇ ಪದ್ಯ ಹೇಳಿದ ಭಾಗವತರು, ಕುಣಿದ ವೇಷಧಾರಿ ‘ಕಂಟೆಂಟ್’ ಆಗಿಬಿಡುತ್ತಾರೆ. ಹಾಡಿದವರ ಹೆಸರು ಎಲ್ಲೂ ಇಲ್ಲ, ಪುಟದ ಹೆಸರು ಮಾತ್ರ ಪರದೆಯ ಮೂಲೆಯಲ್ಲಿ ಕೊನೆಯ ತನಕ. ‘ಚಿತ್ರೀಕರಣ’ ಎಂಬ ಪದ ಇಲ್ಲಿ ನ್ಯಾಯದ್ದು. ಚಿತ್ರೀಕರಣ ಯಾರು, ಭಾಗವತಿಕೆ ಯಾರು, ಚೆಂಡೆ ಮದ್ದಳೆ ಯಾರು, ಪಾತ್ರ ಯಾರು, ಮೇಳ, ಅಂದರೆ ತಂಡ, ಯಾವುದು, ಎಲ್ಲಿ, ಯಾವ ತಾರೀಕು. ಇಷ್ಟನ್ನು ವಿವರಣೆಯ ಮೊದಲ ಸಾಲುಗಳಲ್ಲೇ ಕೊಡಿ, ‘ಇನ್ನಷ್ಟು’ ಒತ್ತಿದರೆ ಮಾತ್ರ ಕಾಣುವ ಕಡೆ ಅಲ್ಲ.

ಇದು ಬರೀ ಮರ್ಯಾದೆಯ ಮಾತೂ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನ ನೀಡಿದವರಿಗೆ ಅವರದ್ದೇ ಹಕ್ಕು ಉಂಟು, ಅದು 50 ವರ್ಷ ಇರುತ್ತದೆ. 2012ರ ತಿದ್ದುಪಡಿಯಲ್ಲಿ, ಈ ಪ್ರದರ್ಶನ ನನ್ನದು ಎಂದು ಗುರುತಿಸಿಕೊಳ್ಳುವ ಹಕ್ಕೂ ಸೇರಿತು. ಕ್ಲಿಪ್ಪನ್ನು ಕತ್ತರಿಸಿ ಅರ್ಧ ನಿಮಿಷದ ರೀಲ್ ಮಾಡುವಾಗ ಮೊದಲು ಉದುರುವುದು ಈ ಹೆಸರುಗಳೇ. ವಿವರಣೆ ಕ್ಲಿಪ್ಪಿನ ಜೊತೆ ಹೋಗುವುದಿಲ್ಲ, ವಾಟ್ಸ್ಆ್ಯಪ್‌ಗೆ ಇಳಿದ ಮೇಲೆ ಅದು ಇಲ್ಲವೇ ಇಲ್ಲ. ಹಾಗಾಗಿ ಭಾಗವತರ ಮತ್ತು ಪಾತ್ರಧಾರಿಯ ಹೆಸರು ಚಿತ್ರದ ಮೇಲೆಯೇ ಇರಬೇಕು, ಪುಟದ ಗುರುತಿನಷ್ಟೇ ದೊಡ್ಡದಾಗಿ. ಕೆಳ ಅಂಚಿನಲ್ಲಿ ಹಾಕಿದರೆ ಆ್ಯಪ್‌ನ ಬಟನ್‌ಗಳ ಹಿಂದೆ ಮುಚ್ಚಿಹೋಗುತ್ತದೆ, ಸ್ವಲ್ಪ ಮೇಲೆ ಇಡಿ.

ದೈವಾರಾಧನೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದನ್ನು ‘ಫೋಕ್ ಡ್ಯಾನ್ಸ್’ ಎಂದೋ, ದೈವ ಕಟ್ಟುವವರನ್ನು ‘ಪರ್ಫಾರ್ಮರ್’ ಎಂದೋ ಬರೆದರೆ ಇಲ್ಲಿಯವರಿಗೆ ನೋವಾಗುವುದು ಸಹಜ. ಅದು ಆರಾಧನೆ, ಕಾರ್ಯಕ್ರಮ ಅಲ್ಲ. ಕೆಲವು ಕಡೆ ಚಿತ್ರೀಕರಣಕ್ಕೇ ಅವಕಾಶ ಕೊಡುವುದಿಲ್ಲ. ಆ ಕಳದಲ್ಲಿ ನಾವು ಕ್ರಿಯೇಟರೂ ಅಲ್ಲ, ಕ್ಯಾಮೆರಾದವರೂ ಅಲ್ಲ, ಬಂದ ಹತ್ತು ಸಮಸ್ತರಲ್ಲಿ ಒಬ್ಬರು.

ಹಣದ ಕಡೆಗೆ ಬಂದರೆ, ಯಾವ ಪದ ನಮಗೆ ಇಷ್ಟ ಎಂಬುದು ಕಾನೂನಿಗೆ ಮುಖ್ಯವಾಗುವುದಿಲ್ಲ. ‘ಫುಡ್ ಬ್ಲಾಗರ್’ ಎಂದು ಬರೆದುಕೊಂಡು ಹೋಟೆಲಿನಲ್ಲಿ ದುಡ್ಡು ಕೊಡದೆ ಊಟ ಮಾಡಿ ವಿಡಿಯೊ ಹಾಕಿದರೆ ಅದು ಜಾಹೀರಾತು. ಮಲ್ಪೆಯಲ್ಲಿ ಎರಡು ದಿನ ಪುಕ್ಕಟೆ ಕೋಣೆ ಸಿಕ್ಕಿದ್ದೂ ಹಾಗೆಯೇ. ಜಾಹೀರಾತು ಕ್ಷೇತ್ರದವರೇ ನಡೆಸುವ ಜಾಹೀರಾತು ಗುಣಮಟ್ಟ ಮಂಡಳಿ, ಅಂದರೆ ಎಎಸ್‌ಸಿಐ, 2021ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿತು. 15 ಸೆಕೆಂಡಿನ ಅಥವಾ ಅದಕ್ಕಿಂತ ಚಿಕ್ಕ ವಿಡಿಯೊದಲ್ಲಿ ಜಾಹೀರಾತು ಎಂಬ ಸೂಚನೆ ಕನಿಷ್ಠ 3 ಸೆಕೆಂಡು ಕಾಣಬೇಕು. 15 ಸೆಕೆಂಡು ದಾಟಿ 2 ನಿಮಿಷದ ಒಳಗಿದ್ದರೆ, ಒಟ್ಟು ಅವಧಿಯ ಮೂರನೇ ಒಂದು ಭಾಗ. 90 ಸೆಕೆಂಡಿನ ರೀಲಿಗೆ 30 ಸೆಕೆಂಡು. 2 ನಿಮಿಷ ಅಥವಾ ಅದಕ್ಕೂ ಉದ್ದವಾದರೆ ಆ ವಸ್ತುವಿನ ಮಾತು ನಡೆಯುವಷ್ಟೂ ಹೊತ್ತು. ಕನ್ನಡ ವಿಡಿಯೊದಲ್ಲಿ ‘ಜಾಹೀರಾತು’ ಎಂದು ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ. ‘ಪ್ರೀತಿಯಿಂದ ಕರೆದ ಅಣ್ಣನಿಗೆ ಧನ್ಯವಾದ’ ಎಂಬುದು ಸೂಚನೆಯಾಗದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ದಂಡ 10 ಲಕ್ಷ ರೂಪಾಯಿ ತನಕ, ಮತ್ತೆ ತಪ್ಪಿದರೆ 50 ಲಕ್ಷದ ತನಕ ಹೋಗಬಹುದು.

ಆದಾಯ ತೆರಿಗೆಯವರು ಈ ಕೆಲಸಕ್ಕೆ ಹೆಸರು ಕೊಟ್ಟಾಗಿದೆ. 2025-26ರ ತೆರಿಗೆ ನಿರ್ಧಾರ ವರ್ಷದ ಫಾರ್ಮುಗಳಲ್ಲಿ ‘ಸೋಷಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್’ ಎಂಬುದಕ್ಕೆ 16021 ಎಂಬ ಪ್ರತ್ಯೇಕ ಸಂಖ್ಯೆ ಬಂತು. ಬಯೋದಲ್ಲಿ ‘ಬರಹ’ ಎಂದಿದ್ದರೂ ಫಾರ್ಮಿನಲ್ಲಿ ಆದಾಯಕ್ಕೆ ತಕ್ಕ ಸಂಖ್ಯೆಯೇ ಇರಬೇಕು. ಇದರಲ್ಲಿ ವಿರೋಧವೇನೂ ಇಲ್ಲ: ಒಬ್ಬರಿಗೇ ಬೇರೆಬೇರೆ ಕಾಗದದಲ್ಲಿ ಬೇರೆಬೇರೆ ಹೆಸರು ಸಲ್ಲುತ್ತದೆ. ಬಿಲ್ಲಿನಲ್ಲಿ ಮಾತ್ರ ಕೆಲಸ ಖಚಿತವಾಗಿರಬೇಕು. ‘ಕಂಟೆಂಟ್ ಶುಲ್ಕ’ ಎಂದು ಬರೆದರೆ ತಿಂಗಳ ನಂತರ ಇನ್ನೆರಡು ಬದಲಾವಣೆ, ಇನ್ನೊಂದು ಪೋಸ್ಟರ್ ಎಂದು ಕೇಳುತ್ತಾರೆ. ‘60 ಸೆಕೆಂಡಿನ ವಿಡಿಯೊ 1, ತಿದ್ದುಪಡಿ 2 ಸಲ, ಅವರ ಪುಟದಲ್ಲಿ ಬಳಕೆ 3 ತಿಂಗಳು’ ಎಂದಿದ್ದರೆ ಆ ಮಾತು ಏಳುವುದಿಲ್ಲ.

‘ಹವ್ಯಾಸಿ’ ಎಂಬ ಪದದ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಹವ್ಯಾಸಿ ಯಕ್ಷಗಾನ ಸಂಘಗಳಿಗೆ ಇರುವ ಗೌರವ ಕಡಿಮೆಯದ್ದಲ್ಲ. ಹಗಲು ಬೇರೆ ಉದ್ಯೋಗ, ರಾತ್ರಿ ವೇಷ ಎಂದಷ್ಟೇ ಅದರ ಅರ್ಥ. ಆದರೆ ಆನ್‌ಲೈನಿನಲ್ಲಿ ಆ ಪದ ನೋಡಿದವರು ‘ಪುಕ್ಕಟೆ ಮಾಡಿಕೊಡುತ್ತಾರೆ’ ಎಂದು ಓದಿಕೊಳ್ಳುತ್ತಾರೆ. ಸಂಭಾವನೆ ತೆಗೆದುಕೊಳ್ಳುವುದಾದರೆ ಅದನ್ನು ಬಳಸಬೇಡಿ. ‘ಕಲಿಯುತ್ತಿದ್ದೇನೆ’ ಎಂಬುದು ಬೇಕಿದ್ದರೆ ಇರಲಿ, ಯಕ್ಷಗಾನದ ಕಥೆ ಶುರುವಾಗುವ ಮೊದಲು ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ಕುಣಿಯುವ ಹುಡುಗರೂ ಮೇಳದವರೇ.

ಕೆಲಸ ಬದಲಾದಾಗ ಪದವನ್ನೂ ಬದಲಿಸಬೇಕಾಗುತ್ತದೆ. ಯೂಟ್ಯೂಬ್ ಹ್ಯಾಂಡಲ್ಲನ್ನು, ಅಂದರೆ @ ಗುರುತಿನ ಮುಂದಿನ ಹೆಸರನ್ನು, 14 ದಿನಗಳಲ್ಲಿ ಎರಡು ಸಲ ಮಾತ್ರ ಬದಲಿಸಬಹುದು. ಹಳೆಯದನ್ನು 14 ದಿನ ನಿಮಗಾಗಿ ಹಿಡಿದಿಡುತ್ತದೆ, ಆಮೇಲೆ ಬೇರೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಆ ಹಳೆಯ ಹೆಸರು ಯಾವ ಯಾವ ಕರಪತ್ರ, ಫ್ಲೆಕ್ಸ್, ಕ್ಯೂಆರ್ ಸ್ಟಿಕ್ಕರ್, ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾಗಿದೆ ಎಂದು ಮೊದಲು ಪಟ್ಟಿ ಮಾಡಿ. ಆಮೇಲೆ ಹೆಸರಿನ ಅಂಕಣ ಮತ್ತು ಬಯೋ ಬದಲಿಸಿ, ತಿಂಗಳು ಬಿಟ್ಟು ನೋಡಿ, ಫೋನಿನಲ್ಲಿ ಕೇಳುವ ಕೆಲಸ ಬದಲಾಗಿದ್ದರೆ ಮಾತ್ರ ಹ್ಯಾಂಡಲ್ಲಿಗೆ ಕೈ ಹಾಕಿ. ಕಾರ್ಯಕ್ರಮಗಳನ್ನು ನಂಬಿದ ಕೆಲಸವಾದರೆ ಇದಕ್ಕೆ ಒಳ್ಳೆಯ ಕಾಲ ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ದೀಪಾವಳಿಯ ಒಳಗೆ. ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಹೊಸ ತಿರುಗಾಟದ ಕರಪತ್ರಗಳು ಇನ್ನೂ ಅಚ್ಚಿಗೆ ಹೋಗಿರುವುದಿಲ್ಲ.